ನಾಳೆ ಬಾ ಎನ್ನದ ಬಾಗಿಲು

(ಧಾರವಾಡದ ವಿದ್ಯಾರ್ಥಿನಿಯರ ವಸತಿ ನಿಲಯವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಆತ್ಮರಕ್ಷಣೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನೀವು ಕರೆದಿದ್ದೀರಿ. ನಾನು ಕರಾಟೆ ಕಲಿತವಳಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳು. ಆದ್ದರಿಂದ ಒಂದು ಆಯುಧದ ಕಥೆಯಿಂದ ಆರಂಭಿಸುತ್ತೇನೆ. ಇದನ್ನು ಹೇಳಲು ಆ ಆಯುಧ ಮಾಡಿದ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ.

ಎರಡು ತಿಂಗಳ ಹಿಂದೆ ಪರಿಚಯದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವವಳು. ಗೋಣಿಚೀಲದಲ್ಲಿ ಉದ್ದನೆಯ ವಸ್ತುವೊಂದನ್ನು ಸುತ್ತಿ ತಂದಿದ್ದಳು. ಅವರ ಕಾಲೇಜಿನ ಉತ್ಸವದಲ್ಲಿ ಒಂದು ಸ್ಪರ್ಧೆ ಇತ್ತಂತೆ. ಜೋಂಬಿಗಳು, ಅಂದರೆ ಸಿನಿಮಾದಲ್ಲಿ ಬರುವ ನಡೆದಾಡುವ ಹೆಣಗಳು, ಊರಿಗೆ ನುಗ್ಗಿದರೆ ನೀವು ಯಾವ ಆಯುಧ ಹಿಡಿಯುತ್ತೀರಿ? ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನು ಮತ್ತು ಆಟದ ಸಾಮಾನು ಮಾತ್ರ ಬಳಸಬೇಕು ಎಂಬುದು ನಿಯಮ.

ಆಕೆ ಗೋಣಿಚೀಲ ಬಿಚ್ಚಿದಳು. ಅಣ್ಣನ ಹಳೆಯ ಕ್ರಿಕೆಟ್ ಬ್ಯಾಟು. ಅದರ ಹಲಗೆಯ ಎರಡೂ ಅಂಚಿಗೆ ನಾಲ್ಕು ಇಂಚಿನ ಮೊಳೆಗಳು. ತುದಿಗೆ ಸೈಕಲ್ ಚೈನು ಸುತ್ತಿ ನಟ್ಟು ಬೋಲ್ಟು ಬಿಗಿದಿದ್ದಳು. ಹಿಡಿಗೆ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಟೇಪು, ಕೈ ಜಾರದಂತೆ ಮಣಿಕಟ್ಟಿಗೆ ಹಗ್ಗದ ಕುಣಿಕೆ. ಇದರ ಜೊತೆಗೆ ಪ್ಯಾಡು, ಗ್ಲೌಸು, ಹೆಲ್ಮೆಟ್ಟು. ಮೊದಲ ಬಹುಮಾನ ಬಂತಂತೆ. ನಾನು ನಕ್ಕು, "ಚಲೋ ಮಾಡೀಯವ್ವಾ, ಈಗ ಇದನ್ನ ಎಲ್ಲಿಡ್ತಿ?" ಎಂದೆ.

"ನಮ್ಮಕ್ಕಗ ಕೊಟ್ಟು ಬರ್ತೇನ್ರಿ ಮೇಡಮ್. ಆಕಿ ಹಾಸಿಗಿ ಕೆಳಗ ಇಟ್ಕೊಳ್ಳಲಿ" ಎಂದಳು.

ಅಕ್ಕನ ಮದುವೆಯಾಗಿ ಮೂರು ವರ್ಷ. ಕೊಟ್ಟ ಬಂಗಾರ ಸಾಲಲಿಲ್ಲ, ಬೈಕು ಸಾಲಲಿಲ್ಲ, ಈಗ ಹುಬ್ಬಳ್ಳಿಯ ಸೈಟು ಬರೆದುಕೊಡಬೇಕಂತೆ. ಕುಡಿದು ಬಂದ ರಾತ್ರಿ ಹೊಡೆಯುತ್ತಾನೆ, ಕುಡಿಯದ ರಾತ್ರಿಯೂ ಹೊಡೆಯುತ್ತಾನೆ. ತವರಿನವರು ಹೊಂದಿಕೊಂಡು ಹೋಗು ಎಂದಿದ್ದಾರೆ. ನನ್ನ ನಗು ಅಲ್ಲಿಗೇ ನಿಂತಿತು. ಆ ಬ್ಯಾಟು ಆಟದ ವಸ್ತುವಾಗಿ ಉಳಿಯಲಿಲ್ಲ.

ಆ ದಿನ ನಾನು ಅವಳಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳಬೇಕಾಗಿದೆ. ಈ ಬ್ಯಾಟನ್ನು ನಿನ್ನ ಅಕ್ಕನಿಗೆ ಕೊಡಬೇಡ.

ಯಾಕೆ ಎಂದು ಕೇಳಿದಳು. ಮೊದಲು ವಸ್ತುವನ್ನೇ ನೋಡೋಣ. ಬ್ಯಾಟಿನ ತೂಕವೇ ಒಂದು ಕಿಲೋ ದಾಟುತ್ತದೆ, ಅದರ ಮೇಲೆ ಚೈನು, ಬೋಲ್ಟು. ಭಾರವೆಲ್ಲ ತುದಿಯಲ್ಲಿ. ಎತ್ತಿ ಬೀಸಲು ಜಾಗ ಬೇಕು, ಹೊತ್ತು ಬೇಕು. ಹತ್ತು ಅಡಿಯ ಕೋಣೆಯಲ್ಲಿ ಮಂಚ, ಟ್ರೆಜರಿಯ ನಡುವೆ ನಿಂತವಳಿಗೆ ಎರಡೂ ಇರುವುದಿಲ್ಲ. ಒಣಗಿದ ಕಟ್ಟಿಗೆಗೆ ಅಂಚಿನಲ್ಲಿ ಮೊಳೆ ಹೊಡೆದರೆ ಸೀಳು ಬಿಡುತ್ತದೆ. ಆಕೆಯ ಬ್ಯಾಟಿನಲ್ಲಿ ಆಗಲೇ ಎರಡು ಸೀಳು ಇದ್ದವು. ಸಿನಿಮಾದ ಹೆಣ ಕೈಚಾಚಿ ನಿಧಾನಕ್ಕೆ ನಡೆದು ಬರುತ್ತದೆ, ಬ್ಯಾಟು ಕಿತ್ತುಕೊಳ್ಳುವ ಬುದ್ಧಿ ಅದಕ್ಕಿಲ್ಲ. ಗಂಡನಿಗೆ ಇದೆ. ಬ್ಯಾಟು ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿರುತ್ತದೆ, ಏಕೆಂದರೆ ಅದು ಅವನ ಮಂಚದ ಕೆಳಗೇ ಇರುತ್ತದೆ. ಮಣಿಕಟ್ಟಿಗೆ ಕುಣಿಕೆ ಹಾಕಿಕೊಂಡವಳು ಅದನ್ನು ಬಿಟ್ಟು ಓಡಲೂ ಆಗುವುದಿಲ್ಲ.

ಇದು ನಾನು ಊಹಿಸಿ ಹೇಳುವ ಮಾತಲ್ಲ. 1994ರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾತ್ರಿ ತಲೆದಿಂಬಿನ ಕೆಳಗೆ ಲಟ್ಟಣಿಗೆ ಇಟ್ಟುಕೊಂಡು ಮಲಗುತ್ತಿದ್ದಳು. ಒಂದು ರಾತ್ರಿ ಗಂಡ ಅದನ್ನು ಕಸಿದುಕೊಂಡು ಅದರಿಂದಲೇ ಆಕೆಯ ಬಲಗೈ ಮುರಿದ. ಮರುದಿನ ಅದೇ ಲಟ್ಟಣಿಗೆಯನ್ನು ಹಿಡಿದುಕೊಂಡು ಠಾಣೆಗೆ ಹೋಗಿ, "ನೋಡ್ರಿ, ನನ್ನ ಹೆಂಡತಿ ಇದರಿಂದ ನನಗ ಹೊಡಿಯಾಕ ಬಂದಳು" ಎಂದ. ಆಕೆಯ ಆಯುಧ ಅವನ ಆಯುಧವಾಯಿತು, ಆಮೇಲೆ ಅವನ ಸಾಕ್ಷಿಯೂ ಆಯಿತು. ಎರಡೂ ಕಡೆಯವರಿಂದ ರಾಜಿ ಪತ್ರ ಬರೆಸಿ ಕಳಿಸಿದರು. ಆಕೆಯ ಆ ಕೈ ಇಂದಿಗೂ ಪೂರ್ತಿ ಮಡಚುವುದಿಲ್ಲ.

ಹಾಗಾದರೆ ಓಬವ್ವನ ಒನಕೆಗೆ ಏನು ಹೇಳುತ್ತೀರಿ ಎಂದು ನೀವು ಕೇಳಬಹುದು. ಆ ಹುಡುಗಿಯೂ ಕೇಳಿದಳು. 2021ರಿಂದ ನವೆಂಬರ್ 11ರಂದು ನಮ್ಮ ಸರಕಾರವೇ ಓಬವ್ವನ ಜಯಂತಿ ಆಚರಿಸುತ್ತಿದೆ. ಒನಕೆ ಮನೆಯ ಸಾಮಾನೇ, ನಿಜ. ಆದರೆ ಚಿತ್ರದುರ್ಗದ ಕೋಟೆಗೆ ಹೋದಾಗ ಆ ಕಿಂಡಿಯನ್ನು ಸರಿಯಾಗಿ ನೋಡಿ ಬನ್ನಿ. ಒಬ್ಬ ಮನುಷ್ಯ ತೆವಳಿಕೊಂಡು, ತಲೆ ಮುಂದೆ ಮಾಡಿ ಮಾತ್ರ ಒಳಗೆ ಬರಬಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಬಂದರು. ಅವಳು ಹೊರಗೆ ನಿಂತಿದ್ದಳು, ಅವರಿಗೆ ಕಾಣುತ್ತಿರಲಿಲ್ಲ. ಜಾಗ ಅವಳ ಕಡೆಗಿತ್ತು. ಊಟಕ್ಕೆ ಕೂತಿದ್ದ ಗಂಡನೂ ಅವಳ ಕಡೆಯವನೇ, ಬೆನ್ನಿಗಿದ್ದ ಕೋಟೆಯೂ ಅವಳದೇ. ಒನಕೆಗೆ ಬಲ ಕೊಟ್ಟದ್ದು ಇದೆಲ್ಲ. ಹೊಡೆಸಿಕೊಳ್ಳುವ ಸೊಸೆಗೆ ಕೋಟೆಯೇ ಶತ್ರುವಿನದು, ಕಿಂಡಿಯೊಳಗೆ ಸಿಕ್ಕಿಕೊಂಡವಳು ಅವಳು.

ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 2006ರಲ್ಲಿ ಸಂಪತ್ ಪಾಲ್ ಕಟ್ಟಿದ ಗುಲಾಬಿ ಗ್ಯಾಂಗ್ ಹೆಂಗಸರ ಕೈಯಲ್ಲೂ ಲಾಠಿ ಇತ್ತು. ಹೆಂಡತಿಯನ್ನು ಹೊಡೆಯುವವನ ಮನೆ ಮುಂದೆ ಗುಲಾಬಿ ಸೀರೆಯುಟ್ಟ ಹೆಂಗಸರ ಗುಂಪೇ ಹೋಗಿ ನಿಂತಾಗ ಆ ಲಾಠಿಗೆ ಅರ್ಥ ಬಂತು. ಅದೇ ಲಾಠಿಯನ್ನು ಒಬ್ಬಳೇ ರಾತ್ರಿ ಹನ್ನೊಂದಕ್ಕೆ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ನಾನು ಹೇಳಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಹೊಡೆಸಿಕೊಂಡು ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ಕಾನೂನು ಕೂಡ ಹಾಗೆ ಹೇಳುವುದಿಲ್ಲ. ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿ ಖಾಸಗಿ ರಕ್ಷಣೆಯ ಹಕ್ಕು ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಅಪಾಯ ಬಂದೇ ಬರುತ್ತದೆ ಎಂಬ ಯೋಗ್ಯ ಕಾರಣದ ಭಯ ಹುಟ್ಟಿದ ಕ್ಷಣದಿಂದ ಆ ಹಕ್ಕು ಆರಂಭವಾಗುತ್ತದೆ, ಭಯ ಇರುವವರೆಗೆ ಇರುತ್ತದೆ. ಜೀವಕ್ಕೆ ಕುತ್ತು, ಅತ್ಯಾಚಾರ, ಆ್ಯಸಿಡ್ ದಾಳಿ ಇಂಥ ಸಂದರ್ಭಗಳಲ್ಲಿ ಆ ಹಕ್ಕು ದಾಳಿ ಮಾಡಿದವನ ಪ್ರಾಣ ಹೋಗುವವರೆಗೂ ಹಬ್ಬುತ್ತದೆ. ಆದರೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಮುಗಿದುಹೋದ ಪೆಟ್ಟಿಗೆ ಸೇಡು ತೀರಿಸುವಂತಿಲ್ಲ. ಕುತ್ತಿಗೆಗೆ ಕೈ ಬಂದಾಗ ಹತ್ತಿರ ಸಿಕ್ಕಿದ್ದನ್ನು ಎತ್ತಿಕೊಂಡು ತಡೆದವಳ ಬೆನ್ನಿಗೆ ಈ ಕಾನೂನು ಇದೆ. ಮೊದಲೇ ಮೊಳೆ ಹೊಡೆದು ಸಿದ್ಧಪಡಿಸಿ ಮಂಚದ ಕೆಳಗಿಟ್ಟ ಬ್ಯಾಟನ್ನು ಎದುರು ವಕೀಲ ನ್ಯಾಯಾಲಯದಲ್ಲಿ ಎತ್ತಿ ತೋರಿಸಿದರೆ ಅವಳು ಎಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದೀತು, ಯೋಚಿಸಿ.

ಹುಡುಗಿ ಹೋದ ಮೇಲೆ ನಾನು ಜೋಂಬಿ ಎಂಬ ಶಬ್ದದ ಬೆನ್ನು ಹತ್ತಿದೆ. ಇತಿಹಾಸ ಓದಿದವರ ಚಟ ಅದು. ಸತ್ತವರು ಎದ್ದು ಬದುಕಿದ್ದವರನ್ನು ತಿನ್ನಲು ಬರುವ ಚಿತ್ರ ಗಟ್ಟಿಯಾದದ್ದು 1968ರಲ್ಲಿ, ಜಾರ್ಜ್ ರೊಮೆರೊ ಎಂಬ ಅಮೆರಿಕದ ನಿರ್ದೇಶಕನ ಸಿನಿಮಾದಿಂದ. ಆದರೆ ಶಬ್ದ ಅದಕ್ಕಿಂತ ಹಳೆಯದು. ಅದು ಹೈಟಿಯಿಂದ ಬಂದದ್ದು. ಅಲ್ಲಿ ಫ್ರೆಂಚರು ಆಫ್ರಿಕದಿಂದ ಗುಲಾಮರನ್ನು ತಂದು ಕಬ್ಬಿನ ಗದ್ದೆಗಳಲ್ಲಿ ದುಡಿಸಿದರು. 1791ರಲ್ಲಿ ಆ ಗುಲಾಮರು ದಂಗೆ ಎದ್ದರು, 1804ರಲ್ಲಿ ಸ್ವತಂತ್ರರಾದರು. ಅವರ ಕಥೆಗಳಲ್ಲಿ ಜೋಂಬಿ ಯಾರನ್ನೂ ತಿನ್ನುವುದಿಲ್ಲ. ಮಾಂತ್ರಿಕನೊಬ್ಬ ಎಬ್ಬಿಸಿ ತನ್ನ ಹೊಲದಲ್ಲಿ ದುಡಿಸುವ ದೇಹ ಅದು. ಸ್ವಂತ ಇಚ್ಛೆ ಇಲ್ಲ, ಮಾತಿಲ್ಲ. ಹಗಲು ರಾತ್ರಿ ದುಡಿಯುತ್ತದೆ. ಹೈಟಿಯ ಜನ ಜೋಂಬಿ ಬಂದೀತೆಂದು ಹೆದರಿದ್ದಕ್ಕಿಂತ ತಾವೇ ಜೋಂಬಿ ಆದೇವೆಂದು ಹೆಚ್ಚು ಹೆದರಿದರು.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಇಂಥ ದೇಹಗಳನ್ನು ನಾನು ನೋಡಿದ್ದೇನೆ, ನೀವೂ ನೋಡಿದ್ದೀರಿ. ಮಾತಾಡಿಸಲು ಹೋದರೆ ಮೊದಲು ಅತ್ತೆಯ ಮುಖ ನೋಡುತ್ತಾಳೆ, ಆಮೇಲೆ "ಎಲ್ಲಾ ಆರಾಮ" ಎನ್ನುತ್ತಾಳೆ. ಸಂಬಳದ ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿ. ಫೋನು ಅವನು ಕೊಟ್ಟಾಗ ಮಾತ್ರ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಕೈ ಆಡುತ್ತಲೇ ಇರುತ್ತದೆ, ಬಾಯಿ ಆಡುವುದಿಲ್ಲ. ನನ್ನ ಕ್ಲಾಸಿನಲ್ಲಿ ಎದ್ದು ನಿಂತು ವಾದ ಮಾಡುತ್ತಿದ್ದವಳು ಇವಳೇನಾ ಎಂದು ಅನುಮಾನ ಬರುತ್ತದೆ. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ನಡೆದಾಡುವ ಹೆಣಗಳಿಗಾಗಿ ನಾವು ಸಿನಿಮಾ ನೋಡಬೇಕಿಲ್ಲ.

ಹೈಟಿಯ ಕಥೆಯಲ್ಲಿ ಇನ್ನೊಂದು ಮಾತಿದೆ. ಜೋಂಬಿಗೆ ಉಪ್ಪು ಹಾಕದ ಊಟವನ್ನೇ ಕೊಡಬೇಕು. ಒಂದು ಹರಳು ಉಪ್ಪು ನಾಲಿಗೆಗೆ ತಾಗಿದರೆ ಅದಕ್ಕೆ ಎಚ್ಚರವಾಗುತ್ತದೆ, ತಾನು ಯಾರು ಎಂಬುದು ನೆನಪಾಗುತ್ತದೆ, ಗದ್ದೆ ಬಿಟ್ಟು ತನ್ನ ಊರಿನ ದಾರಿ ಹಿಡಿಯುತ್ತದೆ. ನಮ್ಮಲ್ಲಿ ಉಪ್ಪಿನ ಮಾತು ತಿರುವುಮುರುವು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಸೊಸೆಯ ಬಾಯಿ ಮುಚ್ಚಿಸುತ್ತೇವೆ. ಆ ಮನೆಯ ಉಪ್ಪನ್ನು ದುಡಿದು ತಂದವರಲ್ಲಿ, ಅಡಿಗೆಗೆ ಹಾಕಿದವರಲ್ಲಿ ಅವಳೂ ಒಬ್ಬಳು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಇನ್ನು ನಮ್ಮದೇ ಭೂತದ ಕಥೆಗೆ ಬರುತ್ತೇನೆ. ನೀವು ಹುಟ್ಟುವ ಮೊದಲು, 1990ರ ದಶಕದಲ್ಲಿ, ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಮನೆಯ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದರು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆ, ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಅದು ಗಂಡನನ್ನು ಹುಡುಕುತ್ತಿರುವ ಮದುಮಗಳ ದೆವ್ವ ಎಂದು ಕೆಲವರು ಹೇಳುತ್ತಿದ್ದರು. ಬಾಗಿಲ ಬರಹ ಓದಿ ಅದು ಹಿಂದೆ ಹೋಗುತ್ತದೆ, ಮರುದಿನ ಬಂದು ಅದನ್ನೇ ಓದುತ್ತದೆ. ಕಾಸು ಖರ್ಚಿಲ್ಲದ, ಮನೆಯಲ್ಲೇ ಮಾಡಿದ ಆಯುಧ ಅದು, ಒಂದು ತುಂಡು ಸೀಮೆಸುಣ್ಣ ಸಾಕು.

ಅದೇ ದಶಕದಲ್ಲಿ ನಿಜವಾದ ಮದುಮಗಳುಗಳು ಸುಟ್ಟ ಗಾಯದ ವಾರ್ಡುಗಳಲ್ಲಿ ಸಾಯುತ್ತಿದ್ದರು. ಸ್ಟೋವ್ ಸಿಡಿಯಿತು ಎಂದು ಬರೆಸಲಾಗುತ್ತಿತ್ತು. ಸಿಡಿದ ಸ್ಟೋವು ಒಡೆಯದೆ ಹಾಗೇ ಕೂತಿರುತ್ತಿತ್ತು, ಸೀಮೆಎಣ್ಣೆಯ ವಾಸನೆ ಮಾತ್ರ ಅವಳ ತಲೆಗೂದಲಲ್ಲಿ ಇರುತ್ತಿತ್ತು. ಬೆಂಗಳೂರಿನ ವಿಮೋಚನಾದಂಥ ಸಂಘಟನೆಯವರು ಆ ಸಾವುಗಳ ಬೆನ್ನು ಹತ್ತಿ ಪ್ರಶ್ನೆ ಕೇಳಿದರು. ಅಡಿಗೆಮನೆಯ ಸಾಮಾನು ಆಯುಧವಾಗುವುದನ್ನು ನಾವು ಹಾಗೆ ನೋಡಿದವರು. ಆ ಹೆಂಗಸರಲ್ಲಿ ಎಷ್ಟೋ ಜನ ಸಾಯುವ ಮೊದಲು ಬಾಗಿಲು ಬಡಿದಿದ್ದರು. ತವರಿನ ಬಾಗಿಲು, ನೆರೆಮನೆಯ ಬಾಗಿಲು, ಠಾಣೆಯ ಬಾಗಿಲು. ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿರಲಿಲ್ಲ. ಆದರೂ ಪ್ರತಿ ಬಾಗಿಲೂ ನಾಳೆ ಬಾ ಎಂದೇ ಹೇಳಿತು.

ಲಟ್ಟಣಿಗೆಯ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದೆ. ಕೈ ಮುರಿಯುವ ಹಿಂದಿನ ವಾರ ಆ ವಿದ್ಯಾರ್ಥಿನಿ ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಗೆ ಬಂದಿದ್ದಳು. ನಾನು ಪರೀಕ್ಷೆಯ ಉತ್ತರ ಪತ್ರಿಕೆ ನೋಡುತ್ತಿದ್ದೆ, ಮನೆಯಲ್ಲಿ ಹಿರಿಯರಿದ್ದರು. ಬಾಗಿಲಲ್ಲೇ ನಿಂತು, "ಈಗ ಹೊತ್ತಾಗೇದ ಅವ್ವಿ, ನಾಳೆ ಬಾ, ಕೂತು ಮಾತಾಡೋಣು" ಎಂದೆ. ಆಕೆ ಮರುದಿನ ಬರಲಿಲ್ಲ. ಇದನ್ನು ಮೂವತ್ತು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ಆದ್ದರಿಂದ ಆ ಹುಡುಗಿಗೆ ಬರೀ ಬ್ಯಾಟು ಬೇಡ ಎಂದು ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಕೂತು ಸ್ಪರ್ಧೆಯ ನಿಯಮದಲ್ಲೇ, ಹಾರ್ಡ್‌ವೇರ್ ಅಂಗಡಿ ಮತ್ತು ಆಟದ ಸಾಮಾನಿನಿಂದಲೇ, ಅಕ್ಕನಿಗೆ ಬೇರೆ ಆಯುಧ ಕಟ್ಟಿದೆವು. ನೀವು ಬರೆದುಕೊಳ್ಳಬಹುದು.

ಒಂದು, ಸೀಟಿ. ಆಟದ ಪಂಚರು ಊದುವ ಸೀಟಿ. ಕೂಗಿದರೆ ಗಂಡ ಹೆಂಡಿರ ಜಗಳ ಎನ್ನುತ್ತಾರೆ, ಸೀಟಿ ಊದಿದರೆ ತಿರುಗಿ ನೋಡುತ್ತಾರೆ. ಆದರೆ ಸೀಟಿ ಕೇಳಿದರೆ ಏನು ಮಾಡಬೇಕೆಂದು ನೆರೆಯ ಒಬ್ಬ ಹೆಂಗಸಿಗಾದರೂ ಮೊದಲೇ ಹೇಳಿಟ್ಟಿರಬೇಕು.

ಎರಡು, ಚಿಲಕ. ಫೋನು ಇರುವ, ಹೊರಗೆ ಹೋಗುವ ದಾರಿ ಇರುವ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ. ಜಗಳ ಏರುತ್ತಿದ್ದಂತೆ ಅಡಿಗೆಮನೆಗೆ, ಬಚ್ಚಲಿಗೆ ಹೋಗಬೇಡಿ. ಅಡಿಗೆಮನೆಯಲ್ಲಿ ಬೆಂಕಿ, ಚಾಕು ಇವೆ. ಬಚ್ಚಲಿಗೆ ಎರಡನೆಯ ಬಾಗಿಲಿಲ್ಲ.

ಮೂರು, ಓಟದ ಬೂಟು. ಬಾಗಿಲ ಹತ್ತಿರ ಇರಲಿ. ಬೀಸುವ ಕೈಗಿಂತ ಓಡುವ ಕಾಲು ಹೆಚ್ಚು ಜನರನ್ನು ಉಳಿಸಿದೆ.

ನಾಲ್ಕು, ಆಟದ ಕಿಟ್ ಬ್ಯಾಗು. ಅದರಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮದುವೆಯ ಲಗ್ನಪತ್ರಿಕೆ ಮತ್ತು ಫೋಟೋ, ಮಕ್ಕಳ ಜನನ ಪತ್ರ ಇವುಗಳ ನಕಲು. ಸ್ವಲ್ಪ ಹಣ, ಔಷಧಿ, ಒಂದು ಜೊತೆ ಬಟ್ಟೆ. ಬ್ಯಾಗು ಆ ಮನೆಯಲ್ಲಿ ಇರಬಾರದು, ನಂಬಿಕೆಯವರ ಮನೆಯಲ್ಲಿರಲಿ.

ಐದು, ಸ್ಕೋರು ಬರೆಯುವ ಪುಸ್ತಕ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೇಳಿದರು, ಎಲ್ಲಿ ಹೊಡೆದರು, ಯಾರು ನೋಡಿದರು. ಗಾಯವಾದರೆ ಆಸ್ಪತ್ರೆಗೆ ಹೋಗಿ ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನಬೇಡಿ. ಯಾರು ಹೊಡೆದರು ಎಂದು ಹೇಳಿ, ವೈದ್ಯರು ಅದನ್ನೇ ಎಂ.ಎಲ್.ಸಿ. ಪುಸ್ತಕದಲ್ಲಿ ಬರೆಯಲಿ.

ಇವುಗಳ ಹಿಂದೆ ಕಾನೂನಿನ ಬಲ ಇದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು. ಹೊಡೆಯಬಾರದು, ಹತ್ತಿರ ಬರಬಾರದು ಎಂಬ ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಸಂಸಾರದ ಮನೆ ಎನಿಸಬಹುದು ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಹೇಳಿದೆ. ಹಳೆಯ 498ಎ ಈಗ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮು, ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಮು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಇದೆ, ಅದರ ಸಂಖ್ಯೆ 15100. ಮಹಿಳಾ ಸಹಾಯವಾಣಿ 181. ತುರ್ತು ಇದ್ದರೆ 112. ನಮ್ಮ ಸರಹದ್ದು ಅಲ್ಲ ಎಂದು ಠಾಣೆಯವರು ಹೇಳಿದರೆ, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಲು ಹೊಸ ಕಾನೂನಿನಲ್ಲಿ ಅವಕಾಶವಿದೆ ಎಂದು ತಿಳಿಸಿ.

ಆದರೆ ಸೀಟಿಗೂ, ಬೂಟಿಗೂ, ಕಾನೂನಿಗೂ ಕೊನೆಗೆ ಬೇಕಾದದ್ದು ತೆರೆಯುವ ಒಂದು ಬಾಗಿಲು. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ "ಬೆಲ್ ಬಜಾವೋ" ಎಂಬ ಪ್ರಚಾರ ಮಾಡಿತು. ನೆರೆಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಹೋಗಿ ಕರೆಗಂಟೆ ಒತ್ತಿ, ಒಂದು ಬಟ್ಟಲು ಹಾಲು ಕೇಳಿ, ಅಷ್ಟು ಸಾಕು. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಎತ್ತಿದ ಕೈ ಎಷ್ಟೋ ಸಲ ಕೆಳಗಿಳಿಯುತ್ತದೆ. 2024ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಒಂದು ತಿಂಗಳೊಳಗೆ ಇಬ್ಬರು ಹುಡುಗಿಯರ ಕೊಲೆಯಾಯಿತು. ಆಮೇಲೆ ಊರೆಲ್ಲ ಮೆರವಣಿಗೆ ಹೋದೆವು, ಮೇಣದಬತ್ತಿ ಹಚ್ಚಿದೆವು. ಅದೂ ಬೇಕು. ಆದರೆ ಸತ್ತ ಮೇಲೆ ಸಾವಿರ ಜನ ಸೇರುವ ಊರಿನಲ್ಲಿ, ಬದುಕಿರುವಾಗ ಒಬ್ಬರು ಬಾಗಿಲು ತೆಗೆಯುವಂತಾಗಬೇಕು.

ಆ ಅಕ್ಕನ ಕಥೆ ಏನಾಯಿತು ಎಂದು ಕೇಳುತ್ತೀರಿ. ಇನ್ನೂ ಮುಗಿದಿಲ್ಲ. ಅವಳ ಬ್ಯಾಗು ಎರಡು ಮನೆಯಾಚೆ ಬಟ್ಟೆ ಹೊಲಿಯುವ ಹೆಂಗಸಿನ ಹತ್ತಿರ ಇದೆ. ಹೋದ ವಾರ ಒಂದು ರಾತ್ರಿ ಸೀಟಿ ಊದಿದಳು. ಆ ಹೆಂಗಸು, ಅವಳ ಗಂಡ, ಎದುರುಮನೆಯ ಇಬ್ಬರು ಹುಡುಗರು ಬಂದು ಬಾಗಿಲು ಬಡಿದರು. ಆ ರಾತ್ರಿ ಅವಳು ಹೊಲಿಗೆ ಯಂತ್ರದ ಪಕ್ಕದಲ್ಲಿ ಮಲಗಿದಳು. ಬೆಳಿಗ್ಗೆ ಮತ್ತೆ ಅದೇ ಮನೆಗೆ ಹೋದಳು. ಅರ್ಜಿ ಕೊಡಲು ಇನ್ನೂ ಮನಸ್ಸು ಮಾಡಿಲ್ಲ. ಅದು ಅವಳ ತೀರ್ಮಾನ. ನಾವು ಅವಸರ ಮಾಡುವುದೂ ಬೇಡ, ಬೇಸರಪಟ್ಟು ಕೈಬಿಡುವುದೂ ಬೇಡ. ಬ್ಯಾಟು ನಮ್ಮ ಮನೆಯ ಅಟ್ಟದ ಮೇಲಿದೆ.

ಈಗ ಒಂದು ಕೆಲಸ ಮಾಡೋಣ. ಪ್ರತಿಯೊಬ್ಬರೂ ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ರಾತ್ರಿಯಾಗಿದ್ದರೂ ನೀವು ಬಡಿಯಬಹುದಾದ ಒಂದು ಬಾಗಿಲಿನ ವಿಳಾಸ ಬರೆಯಿರಿ. ಅದರ ಕೆಳಗೆ, ನಿಮ್ಮ ಬಾಗಿಲನ್ನು ಬಡಿಯಬಹುದು ಎಂದು ನೀವು ನಾಳೆಯೇ ಹೇಳಿ ಬರಬೇಕಾದ ಒಬ್ಬಳ ಹೆಸರು ಬರೆಯಿರಿ. ಮೊದಲ ಸಾಲು ತುಂಬಲು ಯಾರಿಗೆ ಆಗುವುದಿಲ್ಲವೋ ಅವರು ನನ್ನ ಮನೆಯ ವಿಳಾಸ ಬರೆದುಕೊಳ್ಳಲಿ. ಈಗ ಆ ಬಾಗಿಲಲ್ಲಿ ನಿಂತು ನಾಳೆ ಬಾ ಎನ್ನುವವರು ಯಾರೂ ಇಲ್ಲ.